36 ಇಂಚಿನ ಹಳೇ ಪ್ಲಾಟರ್, 40 ಪೋಸ್ಟರ್, ಬಿಡದ ಮಳೆ: ಪೇಪರ್ ಹಪ್ಪಳದ ಹಾಗೆ ಬರುತ್ತಿದೆ!

ತುಂಗೆ ದಡ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ. ಎರಡು ತಿಂಗಳ ಹಿಂದೆ ಶಿವಮೊಗ್ಗದ ಒಂದು ಇಂಜಿನಿಯರ್ ಆಫೀಸಿನಿಂದ ಹಳೇ 36 ಇಂಚಿನ ಪ್ಲಾಟರ್ ತಂದೆ, ಅಂದರೆ ರೋಲ್ ಪೇಪರಿನ ಮೇಲೆ ಶಾಯಿಯಲ್ಲಿ ಹೊಡೆಯುವ ದೊಡ್ಡ ಪ್ರಿಂಟರ್. ಅವರು ಅದರಲ್ಲಿ ಮನೆ ಪ್ಲಾನ್ ಹೊಡೆಯುತ್ತಿದ್ದರು. ನಾಲ್ಕು ಬಣ್ಣದ್ದು. ಪ್ಲಾನ್, ಸರ್ವೆ ನಕ್ಷೆ ಇವೆಲ್ಲ ಚೆನ್ನಾಗಿ ಬರುತ್ತಿದೆ. ಅದರಲ್ಲಿ ತಕರಾರಿಲ್ಲ.

ಈಗ ಗಣಪತಿ ಸಮಿತಿಯವರು ಬಂದು 40 ಪೋಸ್ಟರ್ ಬೇಕು ಅಂದಿದ್ದಾರೆ. ಎ1 ಸೈಜ್, ಅಂದರೆ 594ಕ್ಕೆ 841 ಮಿಲಿಮೀಟರ್. ಪೂರ್ತಿ ಹಳದಿ ಹಿನ್ನೆಲೆ, ಮೇಲೆ ಕೇಸರಿ ಪಟ್ಟಿ, ನಡುವೆ ಗಣಪತಿ ಫೋಟೋ, ಕೆಳಗೆ ಮೂರು ದಿನದ ಕಾರ್ಯಕ್ರಮ. ಖುಷಿಯಲ್ಲಿ ಒಪ್ಪಿಕೊಂಡೆ. ನಿನ್ನೆ ಸಂಜೆ ನಾಲ್ಕು ಹೊಡೆದೆ. ನಾಲ್ಕೂ ಹಾಳು.

ಹಳದಿ ಬೀಳುತ್ತಿದ್ದ ಹಾಗೆ ಪೇಪರ್ ಅಲೆ ಅಲೆಯಾಗಿ ಏಳುತ್ತದೆ. ಎದ್ದ ಜಾಗಕ್ಕೆ ಶಾಯಿ ಉಗುಳುವ ಹೆಡ್ ತಾಗಿ ಕಪ್ಪು ಬಳಿಯುತ್ತದೆ. ಅಡ್ಡಕ್ಕೆ ಬಿಳಿ ಗೆರೆಗಳು. ಕೇಸರಿ ಅಂತೂ ಇಟ್ಟಿಗೆ ಬಣ್ಣ. ಇದೆಲ್ಲದರ ಮೇಲೆ ಕೆಳಗಿನ ನಾಲ್ಕು ಸಾಲು ಕನ್ನಡವೇ ಅಲ್ಲ, ಟೋಪಿ ಹಾಕಿಕೊಂಡ ಇಂಗ್ಲಿಷ್ ಅಕ್ಷರಗಳು.

ಪೇಪರ್ ಮಷೀನ್ ಜೊತೆಗೇ ಬಂದ 80 ಜಿಎಸ್‌ಎಂ (ಚದರ ಮೀಟರಿಗೆ 80 ಗ್ರಾಂ) ರೋಲ್. ಬಣ್ಣ ದಟ್ಟ ಬರಲಿ ಅಂತ ಸೆಟ್ಟಿಂಗಿನಲ್ಲಿ ಫೋಟೋ ಗ್ಲಾಸಿ ಇಟ್ಟಿದ್ದೆ. ಹೆಡ್ ಕ್ಲೀನಿಂಗ್ ಐದು ಸಲ ಕೊಟ್ಟೆ. ಹೊರಗೆ ಆಶ್ಲೇಷ ಮಳೆ ಎಂಟು ದಿನದಿಂದ ಬಿಟ್ಟಿಲ್ಲ. ಶನಿವಾರ ಡೆಲಿವರಿ. ಯಾರಾದರೂ ದಾರಿ ಹೇಳಿ.

ಅಡಿಕೆ ಚಪ್ಪರ
ಹಪ್ಪಳ ಅಂತ ನೋಡಿ ಓಡಿ ಬಂದೆ. ಹಲಸಿನದ್ದಲ್ವಾ?

ಗೋಪಿ ಸರ್ಕಲ್
ಇಷ್ಟೆಲ್ಲ ತಲೆನೋವು ಯಾಕೆ ಮಾರಾಯ್ರೆ. ಫೈಲ್ ಶಿವಮೊಗ್ಗಕ್ಕೆ ಕಳಿಸಿ, ಫ್ಲೆಕ್ಸ್ ಮಾಡಿಸಿ. ಬೆಳಗ್ಗೆ ಕೊಟ್ಟರೆ ಸಂಜೆ ಬಸ್ಸಿಗೆ ಹಾಕುತ್ತಾರೆ. ಮಳೆಗೂ ಜಗ್ಗುವುದಿಲ್ಲ.

ಸಾಗರದವಳು
ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರ ಮಾರ್ಚ್‌ನಿಂದ ನಿಷೇಧ. ಪ್ಲಾಸ್ಟಿಕ್ ಕೈಚೀಲದ ಜೊತೆಗೆ ಬ್ಯಾನರ್, ಬಂಟಿಂಗ್ಸ್, ಫ್ಲೆಕ್ಸ್ ಎಲ್ಲ ಅದೇ ಆದೇಶದಲ್ಲಿವೆ. ಕಾಗದದ ಕೆಲಸ ಮಾಡುತ್ತೇನೆ ಅಂದವರನ್ನು ಅಲ್ಲಿಗೇ ಯಾಕೆ ಎಳೆಯುತ್ತೀರಿ?

ಗೋಪಿ ಸರ್ಕಲ್
ನಿಷೇಧ ಗೊತ್ತು ಮೇಡಂ. ಬಿ.ಎಚ್. ರೋಡಲ್ಲಿ ಒಮ್ಮೆ ತಲೆ ಎತ್ತಿ ನೋಡಿ.

ಸಾಗರದವಳು
ತಲೆ ಎತ್ತಿದರೆ ಹುಟ್ಟುಹಬ್ಬದ ಮುಖಗಳು, ತಲೆ ತಗ್ಗಿಸಿದರೆ ಚರಂಡಿಯಲ್ಲಿ ಅದೇ ಮುಖಗಳು. ಹೋದ ಮಳೆಗಾಲದಲ್ಲಿ ನಮ್ಮ ಬೀದಿಯ ಮೋರಿ ಕಟ್ಟಿಕೊಂಡಿತ್ತು. ಕೊಕ್ಕೆ ಹಾಕಿ ಎಳೆದರೆ ಬಂದಿದ್ದು ಎಂಟಡಿ ಉದ್ದದ ಶುಭಾಶಯ.

ಪ್ಲಾನ್ ಪ್ರಿಂಟು
ಫ್ಲೆಕ್ಸ್ ಜಗಳ ಆಮೇಲೆ ಆಡಿ. @ತುಂಗೆ ದಡ, ಇಂಥ ಮಷೀನುಗಳನ್ನು ಹನ್ನೆರಡು ವರ್ಷದಿಂದ ಬಿಚ್ಚಿ ಕಟ್ಟಿದ್ದೇನೆ, ಅದೇ ಧೈರ್ಯದಲ್ಲಿ ಹೇಳುತ್ತೇನೆ. ನಿಮ್ಮ ಮಷೀನ್ ಸರಿಯಾಗಿದೆ. ತಪ್ಪು ಮಾಡಿದ್ದು ನೀವು ಮತ್ತು ಮಳೆ.

80 ಜಿಎಸ್‌ಎಂ ಬಾಂಡ್ ಪೇಪರ್ ಗೀಟು ಎಳೆಯಲಿಕ್ಕೆ ಇರುವುದು. ಮನೆ ಪ್ಲಾನಿನಲ್ಲಿ ನೂರಕ್ಕೆ ಐದು ಭಾಗ ಜಾಗಕ್ಕೂ ಶಾಯಿ ಬೀಳುವುದಿಲ್ಲ, ಉಳಿದದ್ದು ಬಿಳಿ. ನಿಮ್ಮ ಪೋಸ್ಟರಿನಲ್ಲಿ ಬಿಳಿ ಜಾಗವೇ ಇಲ್ಲ. ಅದರ ಮೇಲೆ ಫೋಟೋ ಗ್ಲಾಸಿ ಅಂತ ಇಟ್ಟಿದ್ದೀರಿ. ಆ ಸೆಟ್ಟಿಂಗ್ ಅಂದರೆ ಮಷೀನಿಗೆ ಏನರ್ಥ ಗೊತ್ತಾ? ‘ಇದು ದಪ್ಪ, ಕೋಟಿಂಗ್ ಇರುವ ಪೇಪರ್, ಎಷ್ಟು ಸುರಿದರೂ ಕುಡಿಯುತ್ತದೆ’ ಅಂತ. ಅದು ಸುರಿಯಿತು. ಇವನು ತೆಳ್ಳಗಿನವನು, ಕುಡಿದು ಉಬ್ಬಿದ. ಉಬ್ಬಿದ್ದಕ್ಕೆ ಹೆಡ್ ತಾಗಿತು. ಅಷ್ಟೇ ಕತೆ.

ಮೊದಲು ಕೋಟೆಡ್ ಮ್ಯಾಟ್ ಪೇಪರ್ ತನ್ನಿ, 120 ಅಥವಾ 130 ಜಿಎಸ್‌ಎಂ. ಸೆಟ್ಟಿಂಗಿನಲ್ಲೂ ಅದನ್ನೇ ಇಡಿ. ಯಾವ ಪೇಪರ್ ಹಾಕಿದ್ದೀರೋ ಅದರ ಹೆಸರನ್ನೇ ಹೇಳಬೇಕು, ಮಷೀನಿಗೆ ಸುಳ್ಳು ಹೇಳಬಾರದು. ಇನ್ನೊಂದು, ಆ ಕ್ಲೀನಿಂಗ್ ಬಟನ್ನಿನಿಂದ ಕೈ ತೆಗೆಯಿರಿ. ಪ್ರತಿ ಸಲ ಒತ್ತಿದಾಗಲೂ ಶಾಯಿ ಸುಮ್ನೆ ವೇಸ್ಟ್ ಡಬ್ಬಿಗೆ ಹೋಗುತ್ತದೆ. ಮೊದಲು ನಾಝಲ್ ಚೆಕ್ ಪ್ರಿಂಟ್ ತೆಗೆದು ನೋಡಿ, ಹೆಡ್ಡಿನ ಶಾಯಿ ತೂತು ಕಟ್ಟಿದೆಯಾ ಅಂತ ಗೊತ್ತಾಗುತ್ತದೆ.

ತುಂಗೆ ದಡ
ಸುಳ್ಳು ಹೇಳಿದ್ದು ಒಪ್ಪಿಕೊಂಡೆ ಸಾರ್. ನಾಝಲ್ ಚೆಕ್ ಈಗಷ್ಟೇ ತೆಗೆದೆ. ನಾಲ್ಕೂ ಬಣ್ಣದ ಮೆಟ್ಟಿಲು ಪೂರ್ತಿ ಇದೆ, ಎಲ್ಲೂ ತುಂಡಾಗಿಲ್ಲ. ಹಾಗಿದ್ದರೆ ಆ ಬಿಳಿ ಗೆರೆ ಎಲ್ಲಿಂದ?

ಪ್ಲಾನ್ ಪ್ರಿಂಟು
ಹಾಗಿದ್ದರೆ ಅದು ಪೇಪರ್ ಫೀಡ್. ಹೆಡ್ ಒಂದು ಸಲ ಓಡಿ ಒಂದು ಪಟ್ಟಿ ಬಳಿಯುತ್ತದೆ, ಆಮೇಲೆ ಪೇಪರ್ ಒಂದು ಹೆಜ್ಜೆ ಮುಂದೆ ಹೋಗುತ್ತದೆ, ಮತ್ತೆ ಪಟ್ಟಿ. ಹೆಜ್ಜೆ ಉದ್ದವಾದರೆ ನಡುವೆ ಬಿಳಿ ಗೆರೆ. ಗಿಡ್ಡವಾದರೆ ಒಂದರ ಮೇಲೊಂದು ಬಿದ್ದು ಕಪ್ಪು ಗೆರೆ. ನಿಮ್ಮದು ಬಿಳಿ, ಅಂದರೆ ಜಾಸ್ತಿ ನಡೆಯುತ್ತಿದೆ. ಹೊಸ ಪೇಪರ್ ಹಾಕಿದ ಮೇಲೆ ಮೆನುವಿನಲ್ಲಿ ಪೇಪರ್ ಅಡ್ವಾನ್ಸ್ ಕ್ಯಾಲಿಬ್ರೇಶನ್ ಮಾಡಿ. ಪೇಪರ್ ಬದಲಾದಾಗಲೆಲ್ಲ ಮಾಡಬೇಕು. ಮತ್ತೆ ಫಾಸ್ಟ್ ಮೋಡಿನಲ್ಲಿ ಪೋಸ್ಟರ್ ಹೊಡೆಯಬೇಡಿ. ಬೆಸ್ಟ್ ಇಟ್ಟರೆ ಅದೇ ಜಾಗದ ಮೇಲೆ ಹೆಡ್ ಹೆಚ್ಚು ಸಲ ಓಡುತ್ತದೆ, ಸಣ್ಣಪುಟ್ಟ ಗೆರೆ ಮುಚ್ಚಿಹೋಗುತ್ತದೆ. ಟೈಮ್ ಹಿಡಿಯುತ್ತದೆ, ಹಿಡಿಯಲಿ.

ಆಗುಂಬೆ ಕೊಡೆ
ಮಳೆಯನ್ನು ಯಾರೂ ಸರಿಯಾಗಿ ಬೈಯಲಿಲ್ಲ, ನಾನು ಬೈಯುತ್ತೇನೆ. ನಮ್ಮ ಕಡೆ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರಿಗಿಂತ ಜಾಸ್ತಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಉಪ್ಪಿನ ಡಬ್ಬಿಯಲ್ಲಿ ನೀರು, ಚಪ್ಪಲಿಗೆ ಬೂಷ್ಟು, ಬೆಂಕಿಪೊಟ್ಟಣ ಒಲೆಯ ಮೇಲೆಯೇ ಇರಬೇಕು. ಇನ್ನು ಪೇಪರ್ ರೋಲ್ ಬಿಡುತ್ತದೆಯೇ? ಗಾಳಿಯ ತೇವ ಮೊದಲು ರೋಲಿನ ಎರಡು ತುದಿಗೆ ಹೋಗುತ್ತದೆ. ನಡುವೆ ಒಣಗಿಯೇ ಇರುತ್ತದೆ. ಹಾಗಾಗಿ ತುದಿ ಉಬ್ಬಿ ಅಂಚು ಮಾತ್ರ ಅಲೆ ಅಲೆ. ಶಾಯಿ ಬೀಳುವ ಮೊದಲೇ ನಿಮ್ಮ ಪೇಪರಿನ ಅಂಚು ಅಲೆಯಾಗಿದೆಯಾ ನೋಡಿ.

ನಾನು ಶಾಲೆಯ ಲ್ಯಾಬಿಗೆ 24 ಇಂಚಿನದ್ದು ಒಂದನ್ನು ನೋಡಿಕೊಳ್ಳುತ್ತೇನೆ. ರೋಲ್ ಕೆಲಸ ಮುಗಿದ ಕೂಡಲೇ ಬಿಚ್ಚಿ, ಅದೇ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ಮರದ ಬೀರುವಿನಲ್ಲಿ 40 ವ್ಯಾಟಿನ ಹಳೇ ಬಲ್ಬ್ ಉರಿಸಿ ಇಡುವುದು. ಅಮ್ಮ ರೇಷ್ಮೆ ಸೀರೆಗೆ ಮಾಡುವ ಉಪಾಯವೇ. ಬಲ್ಬ್ ಪೇಪರಿಗೆ ತಾಗದ ಹಾಗೆ ಒಂದಡಿ ದೂರ ಇರಲಿ.

ತುಂಗೆ ದಡ
ನೋಡಿದೆ. ಎಡ ಅಂಚು ಲಂಗದ ನೆರಿಗೆ ಹಾಗಿದೆ. ರೋಲ್ ಎರಡು ತಿಂಗಳಿಂದ ಮಷೀನಿನ ಮೇಲೆಯೇ ಇತ್ತು, ಕಿಟಕಿ ಪಕ್ಕ.

ಅಡಿಕೆ ಚಪ್ಪರ
ನಮ್ಮ ಅಡಿಕೆ ಒಣಗಿಸುವ ಡ್ರೈಯರ್ ಈಗ ಖಾಲಿ ಇದೆ. ಹೊಸನಗರಕ್ಕೆ ತಂದರೆ ನಿಮ್ಮ ಪೋಸ್ಟರನ್ನೂ ರಾಶಿ ಇಡಿ ಅಡಿಕೆಯ ಹಾಗೆ ಒಣಗಿಸಿ ಕೊಡುತ್ತೇವೆ.

ಪ್ಲಾನ್ ಪ್ರಿಂಟು
ನಗಬೇಡಿ, ಒಬ್ಬರು ನಿಜವಾಗಿಯೂ ಹೇರ್ ಡ್ರೈಯರ್ ಹಿಡಿದುಕೊಂಡು ನಿಂತಿದ್ದರು. ಪ್ರಿಂಟ್ ಆಗುತ್ತಿರುವಾಗಲೇ! ಬಿಸಿಗಾಳಿಗೆ ಹೆಡ್ಡಿನ ಬಾಯಲ್ಲೇ ಶಾಯಿ ಒಣಗಿತು. ಹೆಡ್ ಬದಲಾಯಿಸಬೇಕಾಯಿತು. ಒಣಗಿಸುವುದಿದ್ದರೆ ಪ್ರಿಂಟ್ ಹೊರಗೆ ಬಂದ ಮೇಲೆ, ದೂರದಲ್ಲಿ ಫ್ಯಾನ್ ಗಾಳಿಗೆ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಹಾಕಿ. ಒಂದರ ಮೇಲೊಂದು ಪೇರಿಸಬೇಡಿ, ಬೆಳಗ್ಗೆ ಒಂದರ ಗಣಪತಿ ಇನ್ನೊಂದರ ಬೆನ್ನಿಗೆ ಇರುತ್ತಾನೆ.

ಕೋರಲ್ ಕಿಟ್ಟಿ
ಟೋಪಿ ಹಾಕಿದ ಇಂಗ್ಲಿಷ್ ಅಕ್ಷರಕ್ಕೆ ನನ್ನ ಉತ್ತರ. ಫೈಲ್ ಮಾಡಿದವರು ಹಳೇ ನುಡಿ ಫಾಂಟಿನಲ್ಲಿ ಮಾಡಿದ್ದಾರೆ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡವನ್ನು ಬಾಡಿಗೆಗೆ ಕೂರಿಸಿದಂಥವು. ನಿಮ್ಮ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಬಾಡಿಗೆಯವರು ಹೋಗಿ ಮನೆ ಮಾಲೀಕರೇ ಕಾಣುತ್ತಾರೆ. ಯುನಿಕೋಡಿನಲ್ಲಿ ಮಾಡಿದ್ದರೆ ಅಷ್ಟು ಅನಾಹುತ ಆಗುತ್ತಿರಲಿಲ್ಲ, ಬೇರೆ ಕನ್ನಡ ಫಾಂಟಾದರೂ ಬರುತ್ತಿತ್ತು.

ಈಗ ಮಾಡಬೇಕಾದದ್ದು ಒಂದೇ. ಅವರಿಗೆ ಹೇಳಿ, ಕೋರಲ್ ಡ್ರಾ ಡಿಸೈನ್ ಸಾಫ್ಟ್‌ವೇರಿನಲ್ಲಿ ಎಲ್ಲ ಅಕ್ಷರ ಸೆಲೆಕ್ಟ್ ಮಾಡಿ ಕಂಟ್ರೋಲ್ ಕ್ಯೂ ಒತ್ತಿ ಕರ್ವ್ಸ್ ಮಾಡಿ, ಪಿಡಿಎಫ್ ಕಳಿಸಲಿ. ಅಕ್ಷರ ಚಿತ್ರವಾಗಿಬಿಡುತ್ತದೆ, ಫಾಂಟಿನ ಹಂಗಿಲ್ಲ.

ಸಾಗರದವಳು
ಯುನಿಕೋಡ್ ಆದರೆ ಎಲ್ಲ ಸರಿ ಅಂತಲೂ ಇಲ್ಲ. ನಮ್ಮ ಶಾಲೆಯ ಬ್ಯಾನರಿಗೆ ಫೋಟೋಶಾಪಿನಲ್ಲಿ ಟೈಪ್ ಮಾಡಿದರೆ ಒತ್ತಕ್ಷರಗಳೆಲ್ಲ ಸಾಲು ಬಿಟ್ಟು ಬಲಕ್ಕೆ ಬಂದು ನಿಂತಿದ್ದವು. ‘ಕ್ಷೇತ್ರ’ ಅನ್ನುವುದು ರೈಲು ಡಬ್ಬಿ ಥರ.

ಕೋರಲ್ ಕಿಟ್ಟಿ
ಅದು ಸೆಟ್ಟಿಂಗ್ ಮೇಡಂ. ಟೈಪ್ ಪ್ರಿಫರೆನ್ಸಿನಲ್ಲಿ ಭಾರತೀಯ ಭಾಷೆಗಳಿಗೆ ವರ್ಲ್ಡ್ ರೆಡಿ ಅಂತ ಇರುತ್ತದೆ, ಅದನ್ನು ಆನ್ ಮಾಡಿ ಹೊಸ ಫೈಲ್ ತೆರೆಯಬೇಕು. ಆದರೆ ಪೋಸ್ಟರಿನ ಅಕ್ಷರವನ್ನು ಫೋಟೋಶಾಪಿನಲ್ಲಿ ಮಾಡುವುದೇ ತಪ್ಪು ಅಂತ ನನ್ನ ವಾದ. ಅಕ್ಷರಕ್ಕೆ ಕೋರಲ್, ಫೋಟೋಗೆ ಫೋಟೋಶಾಪ್.

ಗೋಪಿ ಸರ್ಕಲ್
ಇಪ್ಪತ್ತು ವರ್ಷದಿಂದ ಫೋಟೋಶಾಪಿನಲ್ಲೇ ಮಾಡಿ ಹೊಟ್ಟೆ ಹೊರೆಯುತ್ತಿದ್ದೇನೆ. ಯಾರೂ ದೂರಿಲ್ಲ.

ಕೋರಲ್ ಕಿಟ್ಟಿ
ನೀವು ಹೊಡೆಯುವುದು ಇಪ್ಪತ್ತಡಿ ಎತ್ತರದಲ್ಲಿ ನೇತಾಡುವಂಥದ್ದು. ಅಷ್ಟು ದೂರಕ್ಕೆ 72 ಡಿಪಿಐ (ಇಂಚಿಗೆ 72 ಚುಕ್ಕಿ) ಸಾಕು, ಅಂಚು ಮುಕ್ಕಾದರೂ ಕಾಣುವುದಿಲ್ಲ. ಇವರದ್ದು ಹೋಟೆಲ್ ಬಾಗಿಲಲ್ಲಿ ಅಂಟಿಸುವುದು. ಬೈಟು ಕಾಫಿ ಕುಡಿಯುತ್ತಾ ಮೂಗು ತಾಗಿಸಿ ಓದುತ್ತಾರೆ. @ತುಂಗೆ ದಡ, ಆ ಗಣಪತಿ ಫೋಟೋ ಎಷ್ಟು ಪಿಕ್ಸೆಲ್ ಇದೆ, ಒಮ್ಮೆ ನೋಡಿ. ವಾಟ್ಸಾಪಿನಲ್ಲಿ ಬಂದಿದ್ದಲ್ವಾ?

ತುಂಗೆ ದಡ
ಹೌದು, ವಾಟ್ಸಾಪಿನದ್ದೇ. ಅಗಲ 1280. ಪೋಸ್ಟರಿನಲ್ಲಿ ಅದು 20 ಇಂಚು ಅಗಲ ಬರುತ್ತದೆ.

ಕೋರಲ್ ಕಿಟ್ಟಿ
1280ನ್ನು 20ರಿಂದ ಭಾಗಿಸಿ. ಇಂಚಿಗೆ 64. ಗಣಪತಿಗೆ ಮೊಸಾಯಿಕ್ ನೆಲ ಹಾಸಿದ ಹಾಗೆ ಕಾಣುತ್ತದೆ. 150 ಇದ್ದರೆ ಧಾರಾಳ, ಅಂದರೆ 3000 ಪಿಕ್ಸೆಲ್ ಅಗಲ ಬೇಕು. ಫೋಟೋ ತೆಗೆದವರ ಹತ್ತಿರವೇ ಕೇಳಿ, ಡಾಕ್ಯುಮೆಂಟ್ ಅಂತ ಅಟ್ಯಾಚ್ ಮಾಡಿ ಕಳಿಸಲಿ, ಆಗ ವಾಟ್ಸಾಪ್ ಕುಗ್ಗಿಸುವುದಿಲ್ಲ.

ಹಾಗೇ ಕೇಸರಿಗೆ: ಮೊಬೈಲ್ ಪರದೆಯಲ್ಲಿ ಹೊಳೆಯುವ ಕೇಸರಿ ಈ ನಾಲ್ಕು ಶಾಯಿಯಲ್ಲಿ ಹುಟ್ಟುವುದೇ ಇಲ್ಲ, ಆ ಆಸೆ ಬಿಡಿ. ಆದರೆ ಇಟ್ಟಿಗೆ ಆಗುವುದಕ್ಕೆ ಬೇರೆ ಕಾರಣ, ಅದರಲ್ಲಿ ಸಯಾನ್ (ತಿಳಿನೀಲಿ ಶಾಯಿ) ಸೇರಿದೆ. ಮಜೆಂಟಾ (ಗಾಢ ಗುಲಾಬಿ) ನೂರಕ್ಕೆ 60, ಹಳದಿ 100, ಸಯಾನ್ ಸೊನ್ನೆ, ಕಪ್ಪು ಸೊನ್ನೆ. ಸಯಾನ್ ಹತ್ತು ಸೇರಿದರೂ ಕೇಸರಿ ಕೆಸರು. ಇನ್ನು ಅಕ್ಷರದ ಕಪ್ಪು ಕೂಡ ನೋಡಿಕೊಳ್ಳಿ. ಕೆಲವರು ನಾಲ್ಕೂ ಬಣ್ಣ ನೂರು ನೂರು ಇಡುತ್ತಾರೆ, ಪೇಪರ್ ನೆನೆದು ಮುದ್ದೆ. ಅಕ್ಷರಕ್ಕೆ ಬರೀ ಕಪ್ಪು 100 ಸಾಕು.

ಹಾಸ್ಟೆಲ್ ರೂಮ್ 14
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಶಂಕರಘಟ್ಟದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ಸೆಮಿನಾರಿಗೆ ಎ0 ಪೋಸ್ಟರ್ ಕೇಳಿದ್ದಾರೆ. ಪವರ್‌ಪಾಯಿಂಟಿನಲ್ಲಿ ಮಾಡಿದ್ದೇನೆ. ಈ 36 ಇಂಚಿನಲ್ಲಿ ಎ0 ಬರುತ್ತದಾ? ಫೋಟೋ ಎಲ್ಲ ಒಡೆಯುತ್ತದೆ ಅಂತ ಸೀನಿಯರ್ ಹೆದರಿಸಿದ್ದಾರೆ.

ಪ್ಲಾನ್ ಪ್ರಿಂಟು
ಬರುತ್ತದೆ. ಎ0 ಅಗಲ 841 ಮಿಲಿಮೀಟರ್, 36 ಇಂಚು ಅಂದರೆ 914. 24 ಇಂಚಿನದ್ದರಲ್ಲಿ ಎ1 ತನಕ ಮಾತ್ರ. ಪವರ್‌ಪಾಯಿಂಟಿನಲ್ಲಿ ಶುರುವಿನಲ್ಲೇ ಸ್ಲೈಡ್ ಸೈಜ್ 84.1, 118.9 ಸೆಂಟಿಮೀಟರ್ ಇಟ್ಟು ಮಾಡಬೇಕಿತ್ತು. ಈಗ ಚಿಕ್ಕದರಲ್ಲಿ ಮಾಡಿದ್ದರೆ ಪಿಡಿಎಫ್ ಮಾಡಿ ದೊಡ್ಡದು ಮಾಡಬಹುದು. ಅಕ್ಷರ, ಗ್ರಾಫ್ ಒಡೆಯುವುದಿಲ್ಲ. ಫೋಟೋ ಮಾತ್ರ ಮೊದಲೇ ದೊಡ್ಡದಿರಬೇಕು. ಎ3ಯಿಂದ ಎ1 ಅಂದರೆ ಸರಿಯಾಗಿ ಎರಡು ಪಟ್ಟು, ಎ3ಯಲ್ಲಿ ಇಂಚಿಗೆ 300 ಪಿಕ್ಸೆಲ್ ಇದ್ದದ್ದು ಎ1ಗೆ 150 ಆಗುತ್ತದೆ. ಎ4ನಿಂದ ಎ0 ಅಂದರೆ ನಾಲ್ಕು ಪಟ್ಟು, 300 ಇದ್ದದ್ದು 75. ನಿಮ್ಮ ಸೀನಿಯರ್ ಅದನ್ನೇ ಹೇಳಿರುವುದು.

ಹಾಸ್ಟೆಲ್ ರೂಮ್ 14
ಥ್ಯಾಂಕ್ಸ್ ಸಾರ್. ಎ4ನಲ್ಲೇ ಮಾಡಿದ್ದೆ. ಮತ್ತೆ ಶುರು.

ಹಳೇ ಬ್ರಷ್
ಭದ್ರಾವತಿಯಿಂದ. ನಾನು ಬೋರ್ಡ್ ಬರೆಯುತ್ತಿದ್ದವನು. ಬ್ರಷ್, ಎನಾಮೆಲ್ ಪೇಂಟ್, ಸುಣ್ಣದ ನೂಲಿನಲ್ಲಿ ಗೆರೆ ಹೊಡೆದು ಅಕ್ಷರ. ಫ್ಲೆಕ್ಸ್ ಬಂದ ಮೇಲೆ ಆರೇ ತಿಂಗಳಲ್ಲಿ ಕೆಲಸ ನಿಂತಿತು. ಈಗ ಮಗನ ಮೊಬೈಲ್ ಅಂಗಡಿಯಲ್ಲಿ ಕೂರುತ್ತೇನೆ. ನಿಮ್ಮ ಮಾತು ಓದುತ್ತಾ ಇದ್ದೆ. ನಮ್ಮ ಊರಲ್ಲೇ ಕಾಗದ ಆಗುತ್ತಿತ್ತು, ಎಂಪಿಎಂ, ಅಂದರೆ ಮೈಸೂರು ಪೇಪರ್ ಮಿಲ್ಸ್. 1936ರಲ್ಲಿ ಶುರುವಾದ ಕಾರ್ಖಾನೆ, 2015ರಲ್ಲಿ ಮಷೀನ್ ನಿಂತಿತು. ಗಾಳಿ ಈ ಕಡೆ ಬೀಸಿದರೆ ಪಲ್ಪಿನ ವಾಸನೆ ಮನೆತನಕ ಬರುತ್ತಿತ್ತು. ಆಗ ಮೂಗು ಮುಚ್ಚಿಕೊಳ್ಳುತ್ತಿದ್ದೆವು.

ಅಡಿಕೆ ಚಪ್ಪರ
ಹಳೇ ಬ್ರಷ್ ಅವರೇ, ಶಿವಮೊಗ್ಗದ ಗಾಂಧಿ ಬಜಾರಿನ ಹಳೇ ಅಂಗಡಿಗಳ ಮೇಲೆ ಈಗಲೂ ಕೈಬರಹದ ಒಂದೆರಡು ಬೋರ್ಡ್ ಉಳಿದಿವೆ. ಬಣ್ಣ ಮಾಸಿದೆ, ಅಕ್ಷರದ ಗತ್ತು ಮಾಸಿಲ್ಲ.

ತುಂಗೆ ದಡ
ಅಪ್‌ಡೇಟ್. ಇವತ್ತು ಬೆಳಗ್ಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ 130 ಜಿಎಸ್‌ಎಂ ಕೋಟೆಡ್ ರೋಲ್ ತಂದೆ. 36 ಇಂಚು, 30 ಮೀಟರ್. ಎರಡು ಕಸದ ಚೀಲ ಸುತ್ತಿ ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೇಳಿದ. ಡಿಸೈನ್ ಮಾಡಿದ ಹುಡುಗ ಕರ್ವ್ಸ್ ಮಾಡಿದ ಪಿಡಿಎಫ್ ಕಳಿಸಿದ್ದಾನೆ, ದೊಡ್ಡ ಫೋಟೋ ಕೂಡ.

ಎರಡು ಡೌಟು. ಕೋಟಿಂಗ್ ಯಾವ ಕಡೆ ಅಂತ ಹೇಗೆ ತಿಳಿಯುವುದು? ಮತ್ತೆ ಲೆಕ್ಕ ಹಾಕಿದರೆ 40 ಪೋಸ್ಟರಿಗೆ 841 ಮಿಲಿಮೀಟರಿನಂತೆ 33 ಮೀಟರ್ ದಾಟುತ್ತದೆ. ರೋಲ್ ಇರುವುದು 30. ಐದು ಪೋಸ್ಟರ್ ಕಮ್ಮಿ ಬೀಳುತ್ತದಲ್ಲ?

ಪ್ಲಾನ್ ಪ್ರಿಂಟು
ಅಡ್ಡ ತಿರುಗಿಸಿ! 36 ಇಂಚಿನಲ್ಲಿ 841 ಅಗಲಕ್ಕೇ ಕೂರುತ್ತದೆ. ಆಗ ಒಂದು ಪೋಸ್ಟರಿಗೆ 594 ಮಿಲಿಮೀಟರ್ ಉದ್ದ ಸಾಕು. 40ಕ್ಕೆ 24 ಮೀಟರ್ ಹತ್ತಿರ. ಎರಡು ಮೂರು ಟೆಸ್ಟ್ ಪ್ರಿಂಟಿಗೂ ಮಿಕ್ಕುತ್ತದೆ. ಡ್ರೈವರಿನಲ್ಲಿ (ಕಂಪ್ಯೂಟರಿನ ಪ್ರಿಂಟ್ ಸೆಟ್ಟಿಂಗಿನಲ್ಲಿ) ರೊಟೇಟ್ 90 ಅಂತ ಇರುತ್ತದೆ. ನೆಟ್ಟಗೆ ಹೊಡೆದು ಪಕ್ಕದ ಒಂದಡಿ ಪೇಪರ್ ಕತ್ತರಿಸಿ ಬಿಸಾಡುವವರನ್ನು ಎಷ್ಟು ಜನ ನೋಡಿದ್ದೇನೋ.

ಕೋಟಿಂಗ್ ಸಾಮಾನ್ಯವಾಗಿ ರೋಲಿನ ಹೊರಮೈ. ಅನುಮಾನ ಇದ್ದರೆ ಹೆಬ್ಬೆರಳು, ತೋರುಬೆರಳು ಒದ್ದೆ ಮಾಡಿ ಮೂಲೆಯನ್ನು ಚಿವುಟಿ ಹಿಡಿಯಿರಿ. ಯಾವ ಬೆರಳಿಗೆ ಅಂಟಿದ ಹಾಗಾಗುತ್ತದೋ ಅದೇ ಕೋಟಿಂಗ್ ಕಡೆ.

ಇವತ್ತೇ ಹೊಡೆಯಬೇಡಿ. ರೋಲನ್ನು ಚೀಲದಲ್ಲೇ ರಾತ್ರಿ ಅಂಗಡಿಯೊಳಗೆ ಬಿಡಿ, ರೂಮಿನ ಹವೆಗೆ ಹೊಂದಿಕೊಳ್ಳಲಿ.

ಆಗುಂಬೆ ಕೊಡೆ
ಕರೆಂಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಈ ಮಳೆಗೆ ಎಲ್ಲೋ ಒಂದು ಮರ ಬಿದ್ದೇ ಬೀಳುತ್ತದೆ. ನಡುವೆ ಕರೆಂಟ್ ಹೋದರೆ ಹೆಡ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಅದು ಬಲಗಡೆ ತನ್ನ ಗೂಡಿಗೆ ಹೋಗಿ ಮುಚ್ಚಳ ಹಾಕಿಕೊಂಡರೆ ಮಾತ್ರ ಶಾಯಿ ಒಣಗುವುದಿಲ್ಲ. ಒಂದು ಯುಪಿಎಸ್ ಇಡಿ. ಲೇಸರ್ ಪ್ರಿಂಟರಿನ ಹಾಗೆ ಬಿಸಿ ಮಾಡುವ ರೋಲರ್ ಇದರಲ್ಲಿ ಇಲ್ಲ, ಕರೆಂಟ್ ಜಾಸ್ತಿ ಎಳೆಯುವುದಿಲ್ಲ. ರಾತ್ರಿ ಮೇನ್ ಸ್ವಿಚ್ ತೆಗೆಯುವ ಅಭ್ಯಾಸ ಇದ್ದರೆ ಮೊದಲು ಮಷೀನಿನ ಬಟನ್ನಿನಿಂದ ಆಫ್ ಮಾಡಿ, ಆಮೇಲೆ ಮೇನ್.

ಗೋಪಿ ಸರ್ಕಲ್
ಎಲ್ಲ ಸರಿ, ಒಂದು ಪ್ರಶ್ನೆ ಕೇಳುತ್ತೇನೆ. ಇಷ್ಟು ಕಷ್ಟಪಟ್ಟು ಹೊಡೆದು ಬಸ್‌ಸ್ಟಾಂಡ್ ಗೋಡೆಗೆ ಅಂಟಿಸಿದರೆ ಎಷ್ಟು ಹೊತ್ತು ಇರುತ್ತದೆ? ಆ ಮಷೀನಿನ ಬಣ್ಣದ ಶಾಯಿ ಡೈ, ನೀರಲ್ಲಿ ಕರಗುವಂಥದ್ದು. ಒಂದು ಇರಚಲಿಗೆ ಕೇಸರಿ ಇಳಿದು ಗಣಪತಿಯ ಹೊಟ್ಟೆ ಮೇಲೆ ಹರಿಯುತ್ತದೆ.

ಪ್ಲಾನ್ ಪ್ರಿಂಟು
ಇದನ್ನು ಮಾತ್ರ ಒಪ್ಪಲೇಬೇಕು. ಇಂಥ ಹಳೇ ನಾಲ್ಕು ಬಣ್ಣದ ಪ್ಲಾಟರುಗಳಲ್ಲಿ ಸಾಮಾನ್ಯವಾಗಿ ಕಪ್ಪು ಪಿಗ್ಮೆಂಟ್ (ನುಣ್ಣನೆ ಬಣ್ಣದ ಪುಡಿಯ ಶಾಯಿ), ಉಳಿದ ಮೂರು ಡೈ. ಪಿಗ್ಮೆಂಟ್ ನೀರಿಗೆ ತಕ್ಕಮಟ್ಟಿಗೆ ತಡೆಯುತ್ತದೆ, ಡೈ ಕರಗುತ್ತದೆ. ಹೊರಗೆ ಅಂಟಿಸುವ ಹತ್ತೋ ಹನ್ನೆರಡೋ ಪ್ರತಿಗೆ ಲ್ಯಾಮಿನೇಶನ್ ಮಾಡಿಸಿ, ಉಳಿದದ್ದು ಅಂಗಡಿ ಒಳಗೆ, ಸೂರಿನ ಕೆಳಗೆ. ಮೈದಾ ಅಂಟು ಬೇಡ ಅಂತ ಸಮಿತಿಯವರಿಗೆ ಹೇಳಿ, ಹಿಂದಿನಿಂದ ನೆನೆದರೂ ಬಣ್ಣ ಕೆಡುತ್ತದೆ. ನಾಲ್ಕು ಮೂಲೆಗೆ ಟೇಪ್ ಸಾಕು.

ಗೋಪಿ ಸರ್ಕಲ್
ಲ್ಯಾಮಿನೇಶನ್ ಪ್ಲಾಸ್ಟಿಕ್ ಅಲ್ವಾ ಸಾಗರದ ಮೇಡಂ?

ಸಾಗರದವಳು
ಹೌದು, ಪ್ಲಾಸ್ಟಿಕ್ಕೇ. ಹನ್ನೆರಡು ಹಾಳೆಗೂ ಹನ್ನೆರಡು ಹೋರ್ಡಿಂಗಿಗೂ ವ್ಯತ್ಯಾಸ ಇದೆ ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ತಪ್ಪಿಸಿಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ ಬಟ್ಟೆ ಬ್ಯಾನರ್.

ಅಡಿಕೆ ಚಪ್ಪರ
ಕೆಳಗೆ ಅಂಗಡಿ ಹೆಸರು ಹಾಕಿದ್ದೀರಾ? ಮುದ್ರಕರ ಹೆಸರು ಇಲ್ಲದಿದ್ದರೆ ಕೇಸ್ ಆಗುತ್ತದೆ ಅಂತ ಕೇಳಿದ್ದೆ.

ಸಾಗರದವಳು
ನೀವು ಕೇಳಿದ್ದು ಚುನಾವಣೆ ಪೋಸ್ಟರಿನ ಮಾತಿರಬೇಕು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ. ಮುದ್ರಿಸಿದವರ, ಪ್ರಕಟಿಸಿದವರ ಹೆಸರು, ವಿಳಾಸ ಇರಲೇಬೇಕು. ಗಣಪತಿ ಚುನಾವಣೆಗೆ ನಿಂತಿಲ್ಲ.

ತುಂಗೆ ದಡ
ಬಂತು!!! ಅಡ್ಡ ತಿರುಗಿಸಿ, ಕೋಟೆಡ್ ಸೆಟ್ಟಿಂಗ್, ಬೆಸ್ಟ್ ಮೋಡ್, ಫೀಡ್ ಕ್ಯಾಲಿಬ್ರೇಶನ್ ಮಾಡಿ ಹೊಡೆದೆ. ಒಂದು ಗೆರೆ ಇಲ್ಲ. ಪೇಪರ್ ಇಸ್ತ್ರಿ ಹಾಕಿದ ಹಾಗೆ ಸಪಾಟು. ಕೇಸರಿ ಕೇಸರಿಯಾಗಿಯೇ ಇದೆ. ಬೆಳಗ್ಗೆಯಿಂದ 22 ಆಯಿತು. ಅಂಗಡಿ ಒಳಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿ ತೂಗುಹಾಕಿದ್ದೇನೆ, ಜೆರಾಕ್ಸಿಗೆ ಬಂದವರು ಬಗ್ಗಿಕೊಂಡು ಒಳಗೆ ಬರುತ್ತಿದ್ದಾರೆ. ಫೋಟೋ ಹಾಕಿದ್ದೇನೆ ನೋಡಿ. ಎಲ್ಲರಿಗೂ ಕೈಮುಗಿದೆ.

ಕೋರಲ್ ಕಿಟ್ಟಿ
ಭೇಷ್! ಗಣಪತಿಯ ಕಣ್ಣು ಎಷ್ಟು ಚೂಪಾಗಿ ಬಂದಿದೆ.

ಆಗುಂಬೆ ಕೊಡೆ
ಆಶ್ಲೇಷ ಮಳೆಯಲ್ಲಿ ಈ ಹಳದಿ! ಪ್ರಿಂಟ್ ನೋಡಿ ಬಿಸಿಲು ಬಂದ ಹಾಗಾಯಿತು.

ಸಾಗರದವಳು
ಖುಷಿಯ ನಡುವೆ ಹೇಳಲು ಬೇಸರ. ಫೋಟೋ ಝೂಮ್ ಮಾಡಿ ನೋಡಿದೆ. ಕೊನೆಯ ಸಾಲು, ‘ಸರ್ವರಿಗೂ ಹಾರ್ಧಿಕ ಸ್ವಾಗತ’. ಹಾರ್ದಿಕ ಆಗಬೇಕು. ಹೃದಯದಿಂದ ಬಂದದ್ದು, ಹೃದಯಕ್ಕೆ ಮಹಾಪ್ರಾಣ ಇಲ್ಲ.

ತುಂಗೆ ದಡ
ಅಯ್ಯೋ.

ಅಡಿಕೆ ಚಪ್ಪರ
22!

ಗೋಪಿ ಸರ್ಕಲ್
ಬಿಡಿ ಮೇಡಂ, ಶಿವಮೊಗ್ಗದಲ್ಲಿ ಅರ್ಧ ಬೋರ್ಡ್ ಹಾಗೇ ಇದೆ. ನಾನೇ ಎಷ್ಟು ಬರೆದಿದ್ದೇನೋ. ಯಾರು ಓದುತ್ತಾರೆ.

ಸಾಗರದವಳು
ನಾನು ಓದುತ್ತೇನೆ. ನನ್ನ ಮಕ್ಕಳು ಓದುತ್ತಾರೆ. ಆಮೇಲೆ ಪರೀಕ್ಷೆಯಲ್ಲಿ ಹಾಗೇ ಬರೆದು ‘ಪೋಸ್ಟರಲ್ಲಿ ಹೀಗೇ ಇತ್ತು ಮಿಸ್’ ಅನ್ನುತ್ತಾರೆ.

ತುಂಗೆ ದಡ
ಡಿಸೈನ್ ಹುಡುಗ ಬೆಂಗಳೂರಲ್ಲಿ, ಫೋನ್ ಎತ್ತುತ್ತಿಲ್ಲ. ಕರ್ವ್ಸ್ ಮಾಡಿದ ಫೈಲ್, ಅಕ್ಷರ ತಿದ್ದಲು ಬರುವುದಿಲ್ಲ. ಕಿಟ್ಟಿ ಸಾರ್, ನೀವೇ ಅಲ್ವಾ ಕರ್ವ್ಸ್ ಮಾಡಿಸಿ ಅಂದಿದ್ದು.

ಕೋರಲ್ ಕಿಟ್ಟಿ
ಅಂದಿದ್ದೆ. ಕರ್ವ್ಸ್ ಮಾಡುವ ಮೊದಲು ಒಮ್ಮೆ ಓದಿ ಅಂತಲೂ ಹೇಳಬೇಕಿತ್ತು, ಮರೆತೆ. ಆದರೆ ಹೆದರಬೇಡಿ. ‘ಧಿ’ಗೂ ‘ದಿ’ಗೂ ಏನು ವ್ಯತ್ಯಾಸ? ಕೆಳಗಿನ ಒಂದು ಸಣ್ಣ ಸೀಳುಗೀಟು. ಪಿಡಿಎಫನ್ನು ಕೋರಲ್‌ನಲ್ಲಿ ತೆರೆದು ಆ ಅಕ್ಷರವನ್ನು ದೊಡ್ಡದು ಮಾಡಿ, ಶೇಪ್ ಟೂಲ್ ಹಿಡಿದು ಗೀಟಿನ ಸುತ್ತ ಇರುವ ಚುಕ್ಕಿಗಳನ್ನು ಡಿಲೀಟ್ ಮಾಡಿ. ಎರಡು ನಿಮಿಷದ ಕೆಲಸ. ಉಳಿದ 18 ಸರಿಯಾಗಿ ಬರುತ್ತವೆ.

ತುಂಗೆ ದಡ
ಮಾಡಿದೆ, ಹೋಯಿತು. ಆದರೆ ಈ 22? ಮತ್ತೆ ಹೊಡೆಯಲು ಪೇಪರ್ ಇಲ್ಲ.

ಹಳೇ ಬ್ರಷ್
22 ಪೋಸ್ಟರಿನಲ್ಲಿ 22 ಗೀಟು. ಅದಕ್ಕೆ ಇಷ್ಟು ಚಿಂತೆಯಾ? ಮಕ್ಕಳ ಪೋಸ್ಟರ್ ಕಲರ್ ಡಬ್ಬಿ ತರಿಸಿ, ಹಳದಿ. ಸೊನ್ನೆ ನಂಬರಿನ ಬ್ರಷ್. ನೀರು ಜಾಸ್ತಿ ಬೇಡ, ಅದೇ ಡೈ ಕರಗುತ್ತದೆ ಅಂದರಲ್ಲ. ಬಣ್ಣ ಗಟ್ಟಿ ಇರಲಿ, ಮೊಸರಿನ ಹಾಗೆ. ಮೊದಲು ಹಾಳಾದ ಹಾಳೆಯ ಮೇಲೆ ಹಾಕಿ, ಒಣಗಿದ ಮೇಲೆ ನೋಡಿ. ಒದ್ದೆಯಲ್ಲಿ ಕಂಡ ಬಣ್ಣ ಒಣಗಿದಾಗ ಇರುವುದಿಲ್ಲ. ತೆಳು ಕಂಡರೆ ಒಂದು ಹನಿ ಕೇಸರಿ ಸೇರಿಸಿ. ಆಮೇಲೆ ಗೀಟಿನ ಮೇಲೆ ಬ್ರಷ್ ಇಟ್ಟು ಮೇಲಿನಿಂದ ಕೆಳಗೆ ಒಂದೇ ಎಳೆತ. ಎರಡನೇ ಸಲ ಮುಟ್ಟಬೇಡಿ. ಕಿರುಬೆರಳನ್ನು ಹಾಳೆಗೆ ಊರಿ, ಕೆಳಗೆ ಒಂದು ಒಣ ಬಟ್ಟೆ ಇಟ್ಟುಕೊಳ್ಳಿ. ಕೈ ನಡುಗುವುದಿಲ್ಲ. ಉಸಿರು ಬಿಡುವಾಗ ಎಳೆಯಿರಿ.

ತುಂಗೆ ದಡ
ರಾತ್ರಿ ಒಂದೂವರೆ. ಮುಗಿಯಿತು. ನನ್ನ ಹೆಂಡತಿ ರಂಗೋಲಿ ಕೈ, ಅವಳೇ ಕೂತು 22 ಗೀಟನ್ನೂ ಮುಚ್ಚಿದಳು. ಎರಡನೆಯದು ಸ್ವಲ್ಪ ದಪ್ಪ ಆಯಿತು, ಉಳಿದದ್ದು ಹುಡುಕಿದರೂ ಸಿಗುವುದಿಲ್ಲ. ಹಳೇ ಬ್ರಷ್ ಅವರೇ, ಭದ್ರಾವತಿಗೆ ಬಂದಾಗ ನಿಮ್ಮ ಅಂಗಡಿಗೆ ಖಂಡಿತ ಬರುತ್ತೇನೆ.

ಹಳೇ ಬ್ರಷ್
ಬನ್ನಿ. ಆ ಎರಡನೆಯ ಪೋಸ್ಟರ್ ತನ್ನಿ, ನೋಡಬೇಕು.

ಗೋಪಿ ಸರ್ಕಲ್
ಸಮಿತಿಯವರು ಏನಂದರು? ದುಡ್ಡು ಕೊಟ್ಟರಾ?

ತುಂಗೆ ದಡ
ಶನಿವಾರ ಬೆಳಗ್ಗೆ ಬಂದು ತೆಗೆದುಕೊಂಡು ಹೋದರು. ದುಡ್ಡೂ ಕೊಟ್ಟರು. ಸಂಜೆ ಅಧ್ಯಕ್ಷರ ಫೋನ್. ‘ಪೋಸ್ಟರ್ ಭಾರೀ ಚಂದ ಬಂದಿದೆ ಮಾರಾಯ. ಆದರೆ ಕೊನೇ ಸಾಲಲ್ಲಿ ಹಾರ್ಧಿಕದ ಕೆಳಗಿನ ಗೀಟು 40ರಲ್ಲೂ ಬಿದ್ದಿಲ್ಲ. ಹೋದ ವರ್ಷದ ಫ್ಲೆಕ್ಸಲ್ಲಿ ಸರಿಯಾಗಿತ್ತು. ನಿನ್ನ ಮಷೀನಿನ ನಾಝಲ್ ಏನಾದರೂ ಕಟ್ಟಿದೆಯಾ ನೋಡು’ ಅಂದರು.